ಮುಚ್ಚಿದ ಕಾರ್ಡಿನ ವಾಪಸ್ ರೊಕ್ಕ

ಆಗ ರೋಣದಲ್ಲಿ ಕ್ರೆಡಿಟ್ ಕಾರ್ಡು ಉಜ್ಜುವ ಯಂತ್ರವಿದ್ದ ಅಂಗಡಿ ಒಂದೂ ಇರಲಿಲ್ಲ. ಪಂಪ್‌ಸೆಟ್ಟಿನ ಬಿಡಿಭಾಗ ಮಾರುವ ನಮ್ಮ ಮನೆಯವರು ಮಾಲು ತರಲು ಹುಬ್ಬಳ್ಳಿಗೆ ಹೋದಾಗ ಟೈ ಕಟ್ಟಿದ ಏಜೆಂಟನೊಬ್ಬನಿಗೆ ಸಿಕ್ಕಿಬಿದ್ದು ಕಾರ್ಡು ಮಾಡಿಸಿದ್ದರು. ಅದರ ಜೋಡಿಗೆ ನನ್ನ ಹೆಸರಿನದೂ ಒಂದು ಬಂತು. ಹೆಸರಿನ ಅಕ್ಷರಗಳು ಉಬ್ಬಿಕೊಂಡಿದ್ದವು. ಕಣ್ಣು ಮುಚ್ಚಿ ಬೆರಳಾಡಿಸಿದರೂ ಓದಬಹುದಿತ್ತು. ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಇಟ್ಟಿದ್ದೆ.

ಅದು ಹೊರಗೆ ಬಂದದ್ದು ಪಕ್ಕದ ಮನೆಯ ಚಾಚಿಗಾಗಿ. ಓಣಿಯವರೆಲ್ಲ ಆಕೆಯನ್ನು ಚಾಚಿ ಎಂದೇ ಕರೆಯುತ್ತಿದ್ದರು. ಗಂಡ ಗಾದಿ ಹೊಲಿಯುತ್ತಿದ್ದರು. ಆಕೆಯ ಸೆರಗಿನಲ್ಲಿ ಯಾವಾಗಲೂ ಒಂದೆರಡು ಎಳೆ ಅರಳೆ ಅಂಟಿರುತ್ತಿತ್ತು. ಮಗಳನ್ನು ಗಜೇಂದ್ರಗಡಕ್ಕೆ ಕೊಡುವುದೆಂದು ನಿಶ್ಚಯವಾಗಿ, ಜವಳಿ ತರಲು ಹುಬ್ಬಳ್ಳಿಗೆ ಹೊರಟಾಗ ನನ್ನನ್ನೂ ಕರೆದರು. ಬಸ್ಸಿನಲ್ಲಿ ಆಕೆ ಯಾರಿಗೆ ಯಾವ ಸೀರೆಯೆಂದು ಬೆರಳು ಮಡಚಿ ಎಣಿಸುತ್ತಿದ್ದವರು ಒಂದು ಬೆರಳನ್ನು ಮಡಚದೆ ಹಾಗೇ ಬಿಟ್ಟರು.

“ಹುಡುಗನ ಸೋದರತ್ತಿ ಒಬ್ಬಾಕಿ ಉಳದ್ಲು, ತಂಗೆವ್ವಾ. ಹಡದಾಕಿ ಸತ್ತಮ್ಯಾಲೆ ಅವನ್ನ ಬೆಳಸಿದಾಕಿ ಆಕೀನ. ಸೀರಿ ಇಲ್ಲಂದ್ರ ನನ್ನ ಮಗಳು ಜಲ್ಮಪೂರ್ತಿ ಮಾತು ಕೇಳಬೇಕಾಕ್ಕೈತಿ. ರೊಕ್ಕಾ ಅಲ್ಲೀತನಾ ಮುಟ್ಟವಲ್ದು.”

ಆಗ ನನಗೆ, ಹುಬ್ಬಳ್ಳಿಗೆ ಹೊರಟೆನೆಂದು ಟ್ರಂಕಿನಿಂದ ತೆಗೆದು ಪರ್ಸಿನಲ್ಲಿ ಹಾಕಿಕೊಂಡಿದ್ದ ಕಾರ್ಡಿನ ನೆನಪಾಯಿತು. ಬಿಲ್ಲಿನ ಜೊತೆ ಬಂದ ಬಣ್ಣದ ಚೀಟಿಯಲ್ಲಿ, ಬಟ್ಟೆ ಖರೀದಿಗೆ ನೂರಕ್ಕೆ ಐದು ರೂಪಾಯಿ ಕ್ಯಾಶ್‌ಬ್ಯಾಕ್ ಎಂದಿತ್ತು.

“ನಿಮ್ಮ ರೊಕ್ಕಾ ನನ್ನ ಕೈಯಾಗ ಕೊಡ್ರಿ ಚಾಚಿ. ಅಂಗಡಿಯಾಗ ನಾ ಕಾರ್ಡ್ ಉಜ್ಜತೀನಿ. ವಾಪಸ್ ಬಂದದ್ದು ನಿಮ್ದು. ಅದರಾಗ ಆಕೀ ಸೀರಿ ಆಕ್ಕೈತಿ.”

“ಖರ್ಚು ಮಾಡಿದ್ದಕ್ಕ ರೊಕ್ಕಾ ವಾಪಸ್ ಕೊಡ್ತಾರಂದ್ರ, ಆ ಬ್ಯಾಂಕಿನ್ಯಾವ್ರಿಗೆ ತಲಿ ಗಿಲಿ ಕೆಟ್ಟೈತೇನು?” ಎಂದು ನಕ್ಕರು. ಆದರೂ ಹಣದ ಗಂಟು ನನ್ನ ಮಡಿಲಿಗೆ ಹಾಕಿದರು. ಅಂಗಡಿಯವನು ಯಂತ್ರದಲ್ಲಿ ಕಾರ್ಡು ಎಳೆದಾಗ ಬಗ್ಗಿ ನೋಡಿ, ಉಳಿದಿದ್ದ ಆ ಬೆರಳನ್ನೂ ಮಡಚಿದರು.

ಬಿಲ್ಲು ಬಂತು, ಕಟ್ಟಿದೆವು. ಕ್ಯಾಶ್‌ಬ್ಯಾಕ್ ಮಾತ್ರ ಅದರಲ್ಲಿ ಇರಲಿಲ್ಲ. ಮುಂದಿನ ಬಿಲ್ಲಿನಲ್ಲಿ ಜಮಾ ಆಗುತ್ತದೆ ಎಂದು ಸಣ್ಣ ಅಕ್ಷರದಲ್ಲಿತ್ತು. ನಾನು ಕಾಯುತ್ತಿದ್ದೆ. ಅಷ್ಟರಲ್ಲಿ ಒಂದು ಮಧ್ಯಾಹ್ನ ಊಟಕ್ಕೆ ಕೂತ ಮನೆಯವರು, ದೊಡ್ಡ ಕೆಲಸ ಮುಗಿಸಿದವರ ಹಾಗೆ ಹೇಳಿದರು: “ಕಾರ್ಡ್ ಬಂದ್ ಮಾಡಿಸಿದೆ. ವರ್ಷಾ ವರ್ಷಾ ಫೀ ಕಟ್ಟಬೇಕಂತ. ಮನ್ಯಾಗ ಸುಮ್ನ ಬಿದ್ದದ್ದಕ್ಕ ಬಾಡಿಗಿ ಯಾಕ? ಎರಡೂ ಕತ್ತರಿಸಿ ಕಳಿಸೇನಿ.”

ಟ್ರಂಕು ತೆಗೆದು ನೋಡಿದೆ. ಇರಲಿಲ್ಲ.

“ಅಲ್ರಿ, ಚಾಚೀದು ವಾಪಸ್ ಬರೂದಿತ್ತಲ್ಲ?”

“ಅದೆಲ್ಲಿ ಹೊಕ್ಕೈತಿ? ಗಳಿಸಿದ್ದು ಗಳಿಸಿದ್ದ. ಪಂಪಿನ ಕಂಪನಿ ಏಜೆನ್ಸಿ ಬಿಟ್ಟಾಗ ಹಳೇ ಕಮಿಷನ್ ಪೈಸಾಕ್ಕ ಪೈಸಾ ಮುಟ್ಟಿಸಲಿಲ್ಲೇನು?” ಎಂದು ರೊಟ್ಟಿ ಮುರಿದರು. ಅವರ ವ್ಯಾಪಾರದಲ್ಲಿ ಲೆಕ್ಕ ಮುರಿಯುವಾಗ ಕೊಡಬೇಕಾದ್ದು ಕೊಟ್ಟೇ ಮುರಿಯುತ್ತಿದ್ದರು. ಬ್ಯಾಂಕೂ ಹಾಗೇ ಎಂದು ಅವರು ನಂಬಿದ್ದರು. ನನಗೆ ನಂಬಿಕೆ ಬರಲಿಲ್ಲ.

ಫೋನು ಹಚ್ಚಿದೆ. ಒಂದು ಒತ್ತಿ, ಎರಡು ಒತ್ತಿ, ಹಾಡು ಕೇಳಿ, ಮತ್ತೆ ಒಂದು ಒತ್ತಿ. ಮನೆಯಲ್ಲಿ ಇಂಗ್ಲಿಷ್ ಬರುವವಳು ನಾನೊಬ್ಬಳೇ. ಗದಗಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ ಆ ಇಂಗ್ಲಿಷಾದರೂ ಬಹಳ ಮೆತ್ತಗಿನದು: ಪ್ಲೀಸ್, ಕೈಂಡ್ಲಿ, ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಿ. ಜಗಳಕ್ಕೆ ಬೇಕಾದ ಇಂಗ್ಲಿಷನ್ನು ಯಾರೂ ಕಲಿಸಿರಲಿಲ್ಲ. ಆ ಕಡೆಯ ಹುಡುಗಿ ನನಗಿಂತ ಮೆತ್ತಗೆ ಹೇಳಿದಳು, ಮುಖ್ಯ ಕಾರ್ಡು ನಿಮ್ಮ ಯಜಮಾನರದು, ಅವರೇ ಮಾತಾಡಬೇಕು ಎಂದು.

ಮರುದಿನ ಮನೆಯವರನ್ನು ಊಟದಿಂದ ಎಬ್ಬಿಸಿ ರಿಸೀವರು ಕೊಟ್ಟೆ. ಬ್ಯಾಂಕಿನವರು ಹುಟ್ಟಿದ ದಿನಾಂಕ ಕೇಳಿದರು. ಇವರು ಜಾತಕದಲ್ಲಿದ್ದದ್ದನ್ನು ಹೇಳಿಬಿಟ್ಟರು. ಕಾರ್ಡಿನ ಅರ್ಜಿಯಲ್ಲಿ ಇದ್ದದ್ದು ಸಾಲಿ ಮಾಸ್ತರರು ಬರೆದುಕೊಂಡಿದ್ದ ಜೂನ್ ಒಂದು. ನಾನು ಕೈಸನ್ನೆ ಮಾಡುವಷ್ಟರಲ್ಲಿ, ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅತ್ತೆಯವರು, “ಪಂಚಮಿಗೆ ಹುಟ್ಟಿದಾಂವ ನೀ. ಗಟ್ಟಿಯಾಗಿ ಹೇಳು, ಜೋಕಾಲಿ ಕಟ್ಟಿದ್ರು ಅವತ್ತ,” ಎಂದರು. ಇವರು ಮತ್ತೂ ಗಟ್ಟಿಯಾಗಿ ಅದನ್ನೇ ಹೇಳಿದರು. ಮಾಹಿತಿ ತಾಳೆಯಾಗುತ್ತಿಲ್ಲ ಎಂದು ಆ ಕಡೆಯವರು ಫೋನು ಇಟ್ಟರು. ಬ್ಯಾಂಕಿನ ಪ್ರಕಾರ ನಮ್ಮ ಯಜಮಾನರು ಅವತ್ತು ಹುಟ್ಟಿರಲೇ ಇಲ್ಲ.

ಮತ್ತೆ ಮಾಡಿದೆವು. ಪ್ರತಿಸಲ ಹೊಸ ದನಿ. ಪ್ರತಿಸಲ ಕಥೆ ಮೊದಲಿನಿಂದ. ಕಾಂಪೌಂಡಿನಾಚೆ ಚಾಚಿ ಬಟ್ಟೆ ಒಣಹಾಕುವುದು ಕಿಟಕಿಯಿಂದ ಕಾಣುತ್ತಿತ್ತು. ಆಕೆ ಒಮ್ಮೆಯೂ ಕೇಳಲಿಲ್ಲ. ಮದುವೆಗೆ ಬರುವವರಿಗೆ ಹೊಸ ಗಾದಿ ಹೊಲಿಯುತ್ತಿದ್ದೇವೆ, ಅಳಿಯನಾಗುವವನು ನರಗುಂದದಲ್ಲಿ ಕೆಲಸಕ್ಕೆ ಸೇರಿದ್ದಾನೆ ಎಂದೆಲ್ಲ ಹೇಳುತ್ತಿದ್ದರು. ಸೀರೆಯ ಮಾತು ಮಾತ್ರ ಎತ್ತುತ್ತಿರಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಕೊನೆಗೆ ಜೂನ್ ಒಂದನ್ನು ಕಂಠಪಾಠ ಮಾಡಿಸಿ ಕೂರಿಸಿದ ದಿನ ಉತ್ತರ ಸಿಕ್ಕಿತು. ಜಮಾ ಆಗುವ ಮೊದಲೇ ಕಾರ್ಡು ಮುಚ್ಚಿದರೆ ಕ್ಯಾಶ್‌ಬ್ಯಾಕ್ ರದ್ದಾಗುತ್ತದೆ. ಖರೀದಿ ಮಾಡಿದ್ದು ಹೌದು, ಬಿಲ್ಲು ಕಟ್ಟಿದ್ದು ಹೌದು, ಆದರೂ ರದ್ದು. ಇವರ ಕೈಯಿಂದ ರಿಸೀವರು ಇಸಿದುಕೊಂಡು, ಮುಚ್ಚುವಾಗ ಯಾಕೆ ಹೇಳಲಿಲ್ಲ ಎಂದು ಆ ಕಡೆಯ ಹುಡುಗಿಯನ್ನು ಕೇಳಿದೆ. ನಿಯಮದಲ್ಲಿದೆ ಮ್ಯಾಡಂ, ಇನ್ನೇನಾದರೂ ಸಹಾಯ ಮಾಡಲೇ, ಎಂದಳು. ಇನ್ನೇನಾದರೂ ಎನ್ನಬೇಕಾದರೆ ಮೊದಲು ಒಂದಾದರೂ ಮಾಡಿರಬೇಕಲ್ಲ. ಬೈಯಬೇಕೆಂದಿದ್ದೆ, ಬಾಯಿಯಿಂದ ಬಂದದ್ದು ಥ್ಯಾಂಕ್ ಯು. ಮನೆಯವರು ಚಪ್ಪಲಿ ಮೆಟ್ಟಿ ಅಂಗಡಿಗೆ ಹೋದರು. ನಾನು ಫೋನಿನ ಮೇಲೆ ಕಸೂತಿ ಬಟ್ಟೆ ಹೊದಿಸಿದೆ. ಚಾಚಿಗೆ ಏನು ಹೇಳಲಿ?

ನಾನು ಹೇಳುವ ಮೊದಲೇ, ಎರಡು ದಿನ ಬಿಟ್ಟು, ಚಾಚಿಯೇ ಬಂದರು. ಕೈಯಲ್ಲಿ ಅಂಗಡಿಯ ಚೀಲ. ಗಿಣಿಹಸಿರು ಸೀರೆ, ಕುಂಕುಮ ಬಣ್ಣದ ದಡಿ.

“ಹ್ಯಾಂಗೈತಿ? ಸೋದರತ್ತಿಗೆ ಒಪ್ಪತೈತಲ್ಲ? ನಿಮ್ಮ ಬ್ಯಾಂಕಿನ್ಯಾವ್ರು ಮಾತು ಉಳಿಸ್ಕೊಂಡ್ರು ನೋಡು, ತಂಗೆವ್ವಾ. ನಾ ಆವತ್ತ ಸುಳ್ಳ ನಕ್ಕಿದ್ದೆ.”

ನನಗೆ ಅರ್ಥವಾಗಲಿಲ್ಲ. ಅತ್ತೆಯವರ ಕಡೆ ನೋಡಿದೆ. ಅವರು ಮೊರದಲ್ಲಿ ಹೆಸರುಕಾಳು ಹಾಕಿಕೊಂಡು, ಇಲ್ಲದ ಕಲ್ಲು ಹುಡುಕುತ್ತ ತಲೆ ತಗ್ಗಿಸಿದ್ದರು. ಚಾಚಿ ಹೋದ ಮೇಲೆ ಬಾಯಿ ಬಿಟ್ಟರು.

“ಹಾಲು ಮಾರಿದ್ದು ನನ್ನ ಹತ್ರ ಇತ್ತು. ಬ್ಯಾಂಕಿಂದ ಬಂತು ಅಂತ ಕೊಟ್ಟು ಬಂದೆ. ನಿನ್ನ ಮಾತು ಹೋಗಬಾರ್ದಲ್ಲ.”

“ಅತ್ತಿ, ಬ್ಯಾಂಕಿನ ಹೆಸರ್ಯಾಕ ಹೇಳಿದ್ರಿ? ಅವರು ನುಂಗ್ಯಾರ.”

“ನನ್ನ ಹೆಸರು ಹೇಳಿದ್ರ ಆಕಿ ಮುಟ್ಟತಿದ್ಲೇನು? ಇದನ್ನ ಯಾರ ಮುಂದೂ ಆಡಬ್ಯಾಡ ಮತ್ತ.”

ಸೀರೆ ಗಜೇಂದ್ರಗಡ ಮುಟ್ಟಿತು. ಸೋದರತ್ತೆ ನಿಕಾಹ್ ದಿನ ಅದನ್ನೇ ಉಟ್ಟಿದ್ದರು. ಮದುವೆ ಮುಗಿದ ವಾರ ಓಣಿಯ ಹೆಂಗಸರು ಮೂರು ನಾಲ್ಕು ಮಂದಿ ಚಾಚಿಯ ಜೊತೆ ನಮ್ಮ ಪಡಸಾಲೆಯಲ್ಲಿ ಬಂದು ಕೂತರು. ಯಾವ ಬ್ಯಾಂಕು, ಎಲ್ಲಿ ಅರ್ಜಿ ಕೊಡಬೇಕು, ಫೋಟೋ ಎಷ್ಟು ಬೇಕು. ನಮ್ಮದು ಬಂದ್ ಮಾಡಿಸಿದ್ದೇವೆ ಎಂದೆ.

“ಬಂದ್ ಮಾಡಿದ ಮ್ಯಾಲೂ ಮನೀತನಾ ರೊಕ್ಕಾ ಮುಟ್ಟಿಸ್ಯಾರ ಅಂದ್ರ, ಎಂಥಾ ಖರೇ ಮಂದಿ ಇರಬೇಕು,” ಎಂದರು ಚಾಚಿ, ಎಲ್ಲರ ಕಡೆ ತಿರುಗಿ. “ಅಂಥಾ ಚಲೋ ಬ್ಯಾಂಕ್ ಬಿಟ್ಟಾನಲ್ಲ ನಿನ್ನ ಗಂಡ. ನೀನರ ಬುದ್ಧಿ ಹೇಳಬಾರ್ದ?”

ಅತ್ತೆಯವರು ಎದುರಿಗೇ ಕೂತಿದ್ದರು. ನಾನು ಚಹಾ ಇಡಲು ಒಳಗೆ ಹೋದೆ. ಸಕ್ಕರೆ ಹಾಕಿದೆನೋ ಇಲ್ಲವೋ ನೆನಪಾಗದೆ ಮತ್ತೊಮ್ಮೆ ಹಾಕಿದೆ. ಹೊರಗೆ ಆ ಬ್ಯಾಂಕಿನ ಗುಣಗಾನ ನಡೆದೇ ಇತ್ತು.