ಅಕ್ಕನ ಹವಳ, ನನ್ನ ನೀರು

ಗಲ್ಫಿನಲ್ಲಿದ್ದ ಭಾವನ ಬಳಿಗೆ ಅಕ್ಕ ಹೊರಟು ನಿಂತಾಗ, ಬೆಳ್ತಂಗಡಿಯ ಮನೆಯಲ್ಲಿ ಅವಳನ್ನು ಹಿಡಿದು ನಿಲ್ಲಿಸಿದ್ದು ಎರಡಡಿ ಉದ್ದದ ಹವಳದ ಟ್ಯಾಂಕ್ ಒಂದೇ. ಕಲ್ಲಾಗಿ ಬೆಳೆಯುವ ಹವಳಗಳನ್ನು ಮನೆಯಲ್ಲಿಡಲು ಕಾನೂನು ಬಿಡುವುದಿಲ್ಲ. ಅವಳು ಸಾಕಿದ್ದು ಮೆತ್ತನೆಯ ಜಾತಿಯವು. ನಾಲ್ಕು ವರ್ಷ ದಿನವೂ ಅವುಗಳ ಮುಂದೆ ಕುಳಿತು ಚಹಾ ಕುಡಿದವಳು.

"ನಿನ್ನ ಮೀನಿನ ಟ್ಯಾಂಕಿಗೇ ಪೈಪ್ ಹಾಕಿ ಸೇರಿಸು. ನೀರು ಜಾಸ್ತಿ ಇದ್ದಷ್ಟೂ ಒಳ್ಳೇದು" ಎಂದಿದ್ದಳು.

ಅವಳದೇ ನೀರನ್ನು ಮುಚ್ಚಳದ ಬಕೆಟುಗಳಲ್ಲಿ ತುಂಬಿಸಿ, ಹವಳಗಳನ್ನು ಅದರಲ್ಲಿಟ್ಟು, ಬಂಟ್ವಾಳದ ನನ್ನ ಮನೆಯವರೆಗೆ ನಿಧಾನವಾಗಿ ಕಾರು ಓಡಿಸಿಕೊಂಡು ಬಂದೆ. ನನ್ನ ಉಪ್ಪುನೀರಿನ ಟ್ಯಾಂಕಿನ ಪಕ್ಕದಲ್ಲಿ ಅವಳ ಟ್ಯಾಂಕನ್ನು ಇಟ್ಟೆನೇ ಹೊರತು ಸೇರಿಸಲಿಲ್ಲ. ಹಿಂದೊಮ್ಮೆ ಅಂಗಡಿಯಿಂದ ತಂದ ಮೀನನ್ನು ಅದೇ ದಿನ ಒಳಗೆ ಬಿಟ್ಟು, ವಾರದೊಳಗೆ ಇದ್ದ ಮೀನುಗಳನ್ನೆಲ್ಲ ಕಳೆದುಕೊಂಡಿದ್ದೆ. ಎರಡು ನೀರು ಒಮ್ಮೆ ಬೆರೆತರೆ ಒಂದರ ರೋಗ ಇನ್ನೊಂದರದ್ದೂ ಆಗುತ್ತದೆ.

ವಾರ ಕಳೆದು ಅಕ್ಕ ಫೋನ್ ಮಾಡಿದಳು. "ಎಂತ ಮಾರಾಯ, ಇನ್ನೂ ಸೇರಿಸ್ಲಿಲ್ವಾ?"

"ಒಂದೂವರೆ ತಿಂಗಳು ಬೇರೆ ಇಡ್ತೇನೆ ಅಕ್ಕ. ಹುಳ ಗಿಳ ಉಂಟಾ ಅಂತ ನೋಡ್ಬೇಕಲ್ಲ."

"ನನ್ನ ಟ್ಯಾಂಕಲ್ಲಿ ಹುಳವಾ?" ಎಂದವಳೇ ಫೋನ್ ಇಟ್ಟಳು. ಆಮೇಲೆ ಎರಡು ವಾರ ಕರೆ ಇಲ್ಲ. ಮನೆ ಬಿಟ್ಟು ಹೋದವಳ ಮುಂದೆ ಆ ಮಾತು ಆಡಬಾರದಿತ್ತು ಅನ್ನಿಸಿತು. ಆದರೂ ಪೈಪ್ ಹಾಕಲಿಲ್ಲ.

ಒಂದು ಭಾನುವಾರ ಎರಡೂ ನೀರನ್ನು ಪರೀಕ್ಷಿಸಿದೆ. ಮೀನಿನ ಕೊಳೆ ಹೆಚ್ಚಿದ್ದಷ್ಟೂ ಬಣ್ಣ ಕೆಂಪಾಗುವ ಪರೀಕ್ಷೆ ಅದು. ಅಕ್ಕನ ನೀರು ತಿಳಿ ಹಳದಿಯಲ್ಲೇ ನಿಂತಿತು. ನನ್ನದು ಕಡುಗೆಂಪು. ನಂಬಲಾಗದೆ ಮತ್ತೊಮ್ಮೆ ಮಾಡಿದೆ. ಮೀನುಗಳು ಚೆನ್ನಾಗಿ ಓಡಾಡಿಕೊಂಡಿವೆಯೆಂದು ನನ್ನ ನೀರನ್ನು ಎಷ್ಟೋ ತಿಂಗಳಿಂದ ನೋಡಿಯೇ ಇರಲಿಲ್ಲ. ಅಂದೇ ಸೇರಿಸಿದ್ದರೆ ಅವಳ ಹವಳ ನನ್ನ ನೀರಿನಿಂದಲೇ ಮುದುಡಿ ಹೋಗುತ್ತಿತ್ತು.

ನಾನೇ ಫೋನ್ ಮಾಡಿ ಹೇಳಿಬಿಟ್ಟೆ. ಬೈಯುತ್ತಾಳೆಂದುಕೊಂಡರೆ ನಕ್ಕಳು. "ನೀನು ಮೀನಿಗೆ ತಿನ್ನಿಸುವುದು ಜಾಸ್ತಿ. ಅರ್ಧ ಮಾಡು. ವಾರಕ್ಕೆ ಸ್ವಲ್ಪ ಸ್ವಲ್ಪ ನೀರು ಬದಲಿಸು, ಒಟ್ಟಿಗೆ ಬೇಡ. ಉಪ್ಪು ಎರಡರಲ್ಲೂ ಒಂದೇ ಇರ್ಬೇಕು." ಅವಳು ಹೇಳಿದಂತೆಯೇ ಮಾಡುತ್ತಾ ಹೋದೆ. ಕೆಂಪು ತಿಳಿಯಾಗಲು ಎರಡು ತಿಂಗಳು ಹಿಡಿಯಿತು. ಅವಳ ಟ್ಯಾಂಕಿನಲ್ಲಿ ಅಷ್ಟರವರೆಗೂ ಒಂದು ಹುಳವೂ ಕಾಣಲಿಲ್ಲ.

ಪೈಪಿನ ಕೆಲಸಕ್ಕೆ ಪಾಣೆಮಂಗಳೂರಿನ ಪ್ಲಂಬರ್ ಬಂದರು. ತೋಟಗಳಿಗೆ ನೀರಿನ ಪೈಪ್ ಎಳೆದು ಪಳಗಿದ ಕೈ. ಎರಡೂ ಟ್ಯಾಂಕಿನ ನೀರು ಕೆಳಗಿಡುವ ಒಂದು ತೊಟ್ಟಿಗೆ ಇಳಿದು, ಅಲ್ಲಿಂದ ಪಂಪಿನ ಮೂಲಕ ಮೇಲೇರಬೇಕು. ನನ್ನ ಚಿತ್ರವನ್ನು ನೋಡಿ ಅವರು ಕೇಳಿದರು: "ಕರೆಂಟ್ ಹೋದ್ರೆ ಎಂತ ಆಗ್ತದೆ ಹೇಳಿ?"

ಚಿತ್ರದಲ್ಲಿ ನೀರು ಏರುವ ಪೈಪಿನ ಮೇಲೆ ಬೆರಳಿಟ್ಟು ಅವರೇ ಹೇಳಿದರು:

"ಪಂಪ್ ನಿಂತ ಕೂಡ್ಲೇ ಮೇಲಿನ ನೀರು ಅದೇ ಪೈಪಲ್ಲಿ ವಾಪಸ್ ಬರ್ತದೆ. ತೊಟ್ಟಿ ತುಂಬಿ ನೆಲಕ್ಕೆ."

ನೀರು ಏರುವ ಪೈಪುಗಳಲ್ಲಿ, ಟ್ಯಾಂಕಿನ ನೀರಿನ ಮಟ್ಟಕ್ಕೆ ತುಸು ಕೆಳಗೆ ಒಂದೊಂದು ಸಣ್ಣ ತೂತು ಕೊರೆದರು. ನೀರು ಅಲ್ಲಿಗೆ ಇಳಿದರೆ ಗಾಳಿ ಒಳಹೊಕ್ಕು ಹಿಂದಕ್ಕೆ ಹರಿಯುವುದು ನಿಲ್ಲುತ್ತದೆ. ಯಾವುದಕ್ಕಾದರೂ ರೋಗ ಬಂದರೆ ಬೇರ್ಪಡಿಸಲು ಪ್ರತಿ ಟ್ಯಾಂಕಿಗೂ ವಾಲ್ವ್ ಇಟ್ಟರು. ಆಮೇಲೆ ಮೈನ್ ಸ್ವಿಚ್ ಆಫ್ ಮಾಡಿದರು. ತೊಟ್ಟಿಯ ನೀರು ಏರುತ್ತಾ ಬಂದು, ಅಂಚಿಗೆ ನಾಲ್ಕು ಬೆರಳು ಇರುವಾಗ ನಿಂತಿತು.

ಮೊದಲ ದಿನ ಅವಳ ಟ್ಯಾಂಕಿನ ವಾಲ್ವನ್ನು ಸ್ವಲ್ಪವೇ ತೆರೆದೆ. ಸಂಜೆಗೆ ಹವಳಗಳು ಮುಚ್ಚಿಕೊಂಡವು, ಮರುದಿನವೂ ಹಾಗೆಯೇ. ವಾಲ್ವ್ ಮುಚ್ಚಲಾ ಎಂದು ಕೇಳಿದರೆ ಅಕ್ಕ "ಬಿಡು, ಮುಟ್ಬೇಡ" ಎಂದಳು. ಮೂರನೆಯ ಬೆಳಿಗ್ಗೆ ಎಲ್ಲವೂ ಅರಳಿದ್ದವು. ವಿಡಿಯೋ ಕಾಲ್ ಮಾಡಿ ಫೋನನ್ನು ಗಾಜಿನ ಹತ್ತಿರ ಹಿಡಿದೆ. ಅವಳು ಒಂದೊಂದೇ ಹವಳವನ್ನು ತೋರಿಸಲು ಹೇಳಿ ನೋಡಿದಳು. ಆಮೇಲೆ ಹೇಳಿದಳು:

"ಇಲ್ಲಿ ಸಮುದ್ರ ಹತ್ತಿರವೇ ಉಂಟು. ನಾನಿನ್ನೂ ಹೋಗಿಯೇ ಇಲ್ಲ. ಈ ಶುಕ್ರವಾರ ಇವರ ಒಟ್ಟಿಗೆ ಹೋಗಿ ನೋಡ್ತೇನೆ."