ಸ್ವೆಟರಿಗೆ ಸಿಕ್ಕಿದ ವಿಟಮಿನ್ ಡಿ

ಗೆಳೆಯರೇ, ಇವತ್ತು ಮಧ್ಯಾಹ್ನ ದೆಹಲಿಯ ಸರೋಜಿನಿ ನಗರದ ನಮ್ಮ ಕ್ವಾರ್ಟರ್ಸಿನ ಪಾರ್ಕಿನಲ್ಲಿ ಬಿಸಿಲಿಗೆ ಕೂತಿದ್ದೆ. ನನ್ನ ಮೊಣಕಾಲು ನೋವು ನೋಡಿ ಡಾಕ್ಟರು, "ವಿಟಮಿನ್ ಡಿ ತುಂಬಾ ಕಡಿಮೆ ಇದೆ. ಮೊಟ್ಟೆ, ಮೀನು ತಿನ್ನಿ, ಬಿಸಿಲಿಗೆ ಕೂರಿ" ಅಂದಿದ್ದರು. ಮೊದಲಿನವೆರಡು ನಮ್ಮ ಅಡುಗೆಮನೆಗೆ ಬರುವಂತಿಲ್ಲ. ಉಳಿದದ್ದು ಚಳಿಗಾಲದ ಈ ಹಿತವಾದ ಬಿಸಿಲು.

ಸುತ್ತ ಕಿತ್ತಳೆ ಸಿಪ್ಪೆಯ ಪರಿಮಳ, ಹೆಂಗಸರು ಬಟಾಣಿ ಸುಲಿಯುವ ಸದ್ದು. ಕಣ್ಣು ಮುಚ್ಚಿದರೆ ಊರಿನ ಕಣದಲ್ಲಿ ಹುಲ್ಲಿನ ಮೆದೆಗೆ ಒರಗಿದ ಹಾಗೆ. ಅಷ್ಟರಲ್ಲಿ ಪಕ್ಕದ ಮನೆಯ ಪಂಜಾಬಿ ಆಂಟಿ ಎಬ್ಬಿಸಿದರು.

"ಭಾಯಿಸಾಬ್, ವಿಟಮಿನ್ ನಿಮಗೆ ಬೇಕೋ, ನಿಮ್ಮ ಸ್ವೆಟರಿಗೋ?"

ನೋಡಿಕೊಂಡೆ. ಮಂಕಿ ಕ್ಯಾಪು, ಮಫ್ಲರು, ಎರಡು ಸ್ವೆಟರು, ಕೈಗವಸು. ಬಿಸಿಲು ತಾಗುತ್ತಿದ್ದದ್ದು ಮೂಗಿಗೆ ಮಾತ್ರ. ಕ್ಯಾಪಿಗೆ ಕೈ ಹಾಕಿದೆ. ಹೆಂಡತಿ ಬಾಲ್ಕನಿಯಿಂದ ಕೂಗಿದಳು: "ತೆಗೀಬೇಡಿ, ಶೀತ ಆಗುತ್ತೆ."

"ಭಾಭೀಜಿ, ಹೀಗೆ ಮುಚ್ಚಿಟ್ಟರೆ ಮೂಳೆ ಗಟ್ಟಿಯಾಗೋದು ಹೇಗೆ?" ಎಂದರು ಆಂಟಿ.

"ಅಚ್ಛಾ, ಕೆಮ್ಮು ಬಂದರೆ ಕಷಾಯ ನೀವು ಮಾಡಿಕೊಡ್ತೀರಾ?"

ಕೊನೆಗೆ ಪ್ಯಾಂಟನ್ನು ಮೊಣಕಾಲಿನ ಮೇಲಕ್ಕೆ ಮಡಚಿಕೊಳ್ಳಲು ಒಪ್ಪಿಗೆ ಸಿಕ್ಕಿತು. ನಾನು ಕಣ್ಣು ಮುಚ್ಚಿ ಮತ್ತೆ ಕಣಕ್ಕೆ ಹೋದೆ. ಸದ್ಯಕ್ಕೆ ಕಾಲಿಗೆ ಬಿಸಿಲು ಮಂಜೂರಾಗಿದೆ. ತಲೆಯ ಅರ್ಜಿ ಇನ್ನೂ ಬಾಲ್ಕನಿಯಲ್ಲೇ ಇದೆ.