ನೂರನೆಯ ದಿನದ ಸಾಕ್ಷಿ

“ಕುಡಿತ ಬಿಟ್ಟು ಇವತ್ತಿಗೆ ನೂರು ದಿನ” ಎಂದು ಹಾಸನದ ನಮ್ಮ ಚರ್ಚಿನ ಸಭೆಯಲ್ಲಿ ನಾನು ಎದ್ದು ಸಾಕ್ಷಿ ಹೇಳಿದಾಗ ಎಲ್ಲರೂ “ಸ್ತೋತ್ರ” ಎಂದು ಚಪ್ಪಾಳೆ ತಟ್ಟಿದರು. ಅರಕಲಗೂಡಿನಿಂದ ಮೊದಲ ಸಲ ನನ್ನ ಜೊತೆ ಪ್ರಾರ್ಥನೆಗೆ ಬಂದಿದ್ದ ಅವ್ವ ನನ್ನ ಹಿಂದಿನ ಸಾಲಿನಲ್ಲಿದ್ದಳು. ನಾನು ಕುಳಿತ ಮೇಲೆ ಹಿಂದಿನಿಂದ ಬಾಗಿ ಮೆಲ್ಲಗೆ ಕೇಳಿದಳು:

“ಶುಂಠಿ ಕಿತ್ತ ದಿನ ಕುಡ್ದು ವಾಂತಿ ಮಾಡ್ಕೊಂಡಿದ್ದಲ್ಲ, ಆ ಅಂಗಿ ಒಗ್ದೋಳು ನಾನು ಕಣ್ಲಾ. ಅದ್ನೂ ಸೇರಿಸ್ಕೊಂಡ್ಯಾ?”

ಸೇರಿಸಿಕೊಂಡಿದ್ದೆ. ಆ ದಿನವೂ ಡೈರಿಯಲ್ಲಿ ‘ಎಂಬತ್ತೊಂದು’ ಎಂದು ಬರೆದು, ಏನೂ ಆಗದವನಂತೆ ಎಣಿಕೆ ಮುಂದುವರಿಸಿದ್ದೆ. ತಲೆ ಎತ್ತಲಾಗಲಿಲ್ಲ. ಕೊನೆಗೆ ಮತ್ತೆ ಎದ್ದು, “ನೂರಲ್ಲ, ಹತ್ತೊಂಬತ್ತು. ನಾನು ಸುಳ್ಳು ಹೇಳಿದೆ” ಎಂದೆ. ಯಾರೂ ಬೈಯಲಿಲ್ಲ. ಪಾಸ್ಟರ್ ಬಂದು ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು.

ಆ ತಪ್ಪಿಗಾಗಿ ಯೇಸುವಿನ ಮುಂದೆ ದಿನವೂ ಗುಟ್ಟಾಗಿ ಕ್ಷಮೆ ಬೇಡಿದ್ದೆ; ನನ್ನ ಹೊಲಸನ್ನು ತೊಳೆದ ಅವ್ವನನ್ನು ಒಮ್ಮೆಯೂ ಕೇಳಿರಲಿಲ್ಲ. ಊರಿಗೆ ಮರಳುವ ಬಸ್ಸಿನಲ್ಲಿ ಕೇಳಿದೆ. ಅವಳು “ಊಂ” ಎಂದಷ್ಟೇ ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡಳು. ಕ್ಷಮೆ ಸಿಕ್ಕಿದೆ, ಹೆಂಡವನ್ನು ಮತ್ತೆ ಮುಟ್ಟಿಲ್ಲ. ಆದರೂ ಅವಳ ಮುಖ ನೋಡಿ ಮಾತಾಡಲು ಇನ್ನೂ ನಾಚಿಕೆಯಾಗುತ್ತದೆ.